ಅದು ಟೈಪಿಂಗ್ ದೋಷ ಅಲ್ಲ ಸ್ವಾಮಿ

ಮಾನ್ಯ ಸಂಪಾದಕರೇ,

ಶುಕ್ರವಾರದ ಪೇಪರಲ್ಲಿ ನಮ್ಮ ಯೂನಿವರ್ಸಿಟಿ ಹುಡುಗಿಯೊಬ್ಬಳ ಥೀಸಿಸ್ ವಾಪಸ್ ಬಂದ ಸುದ್ದಿ ಓದಿದೆ, ‘ಟೈಪಿಂಗ್ ದೋಷ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟಿದ್ದೀರಿ. ಆ ಟೈಪಿಂಗ್ ಮಾಡಿದವನು ನಾನೇ, ಎರಡನೇ ಗೇಟ್ ಎದುರಿನ ಡಿಟಿಪಿ ಅಂಗಡಿ ನಂದೇ. ಸ್ಪೆಲಿಂಗ್ ಒಂದೂ ತಪ್ಪಿರ್ಲಿಲ್ಲ. ಜಗಳ ಇದ್ದಿದ್ದು ಪುಸ್ತಕದ ಹೆಸರು ನೆಟ್ಟಗಿರ್ಬೇಕಾ ವಾಲಿರ್ಬೇಕಾ ಅಂತ.

ಆ ಹುಡುಗಿ ಥೀಸಿಸ್ ಮಾಡಿದ್ದು ಆರ್.ಕೆ. ನಾರಾಯಣ್ ಮೇಲೆ. ಅವಳ ಗೈಡು ಮೇಷ್ಟ್ರು ಟೈಪ್‌ರೈಟರ್ ಕಾಲದವರು, ಪುಸ್ತಕದ ಹೆಸರಿಗೆಲ್ಲ ಅಂಡರ್‌ಲೈನ್ ಹಾಕ್ಸು ಅಂದಿದ್ರಂತೆ, ಹಾಕಿದೆ. ಟೈಪ್‌ರೈಟರಲ್ಲಿ ಇಟಾಲಿಕ್, ಅಂದ್ರೆ ಓರೆ ಅಕ್ಷರ, ಇರ್ತಿರ್ಲಿಲ್ಲ ಅಂತ ಗೆರೆ ಎಳೀತಿದ್ರು ಅಷ್ಟೇ, ರಿಸರ್ಚ್ ಬರಹಕ್ಕೆ ಸ್ಟೈಲ್ ರೂಲ್ಸ್ ಹೇಳೋ ಎಂಎಲ್‌ಎ ಹ್ಯಾಂಡ್‌ಬುಕ್ಕೇ 2009ರ ಏಳನೇ ಎಡಿಷನ್ನಲ್ಲಿ ಗೆರೆ ಬಿಟ್ಟು ಇಟಾಲಿಕ್ ಹಾಕಿ ಅಂದಿದೆ (ಇದು ಅಮೆರಿಕದ ಎಂಎಲ್‌ಎ, ನಮ್ಮ ಕ್ಷೇತ್ರದವರಲ್ಲ, ಅವರ ಸ್ಟೈಲೇ ಬೇರೆ). ಥೀಸಿಸ್ ನೋಡೋ ಕಮಿಟಿಯಿಂದ ವಾಪಸ್. ಸರಿ ಅಂತ ಎಲ್ಲಾ ಇಟಾಲಿಕ್ ಮಾಡಿದೆ, ಮತ್ತೆ ವಾಪಸ್! ಮಾಲ್ಗುಡಿ ಡೇಸ್ ಪುಸ್ತಕ, ಅದಕ್ಕೆ ಇಟಾಲಿಕ್, ಅದರೊಳಗಿರೋ ಆನ್ ಆಸ್ಟ್ರಾಲಜರ್ಸ್ ಡೇ ಬರೀ ಕತೆ, ಅದಕ್ಕೆ ಡಬಲ್ ಕೋಟ್ ಅಂತೆ. ನ್ಯಾಯಾನೇ, ಆದ್ರೆ ಮೊದ್ಲೇ ಹೇಳೋಕೇನ್ ಧಾಡಿ? ಮುನ್ನೂರು ಪುಟದಲ್ಲಿ ಯಾವುದು ಕತೆ ಯಾವುದು ಪುಸ್ತಕ ಅಂತ ನಾನೂ ಅವಳೂ ಶಟರ್ ಅರ್ಧ ಎಳ್ಕೊಂಡು ರಾತ್ರಿ ಹನ್ನೊಂದರವರೆಗೆ ಹುಡುಕಿದ್ವಿ, ಮಧ್ಯೆ ಕರೆಂಟ್ ಬೇರೆ ಹೋಯ್ತು.

ಮೂರನೇ ಸಲ ಕಾಮಾ. ಕೋಟ್ ಮುಚ್ಚೋ ಮುಂಚೆ ಹಾಕಿದ್ರೆ ಅಮೆರಿಕನ್, ಮುಚ್ಚಿದ ಮೇಲೆ ಹಾಕಿದ್ರೆ ಬ್ರಿಟಿಷ್. ಒಬ್ಬ ಮೇಂಬರು ಒಳಗೆ ಅಂತಾರೆ, ಇನ್ನೊಬ್ಬರು ಹೊರಗೆ, ನಾನು ಬಾಗಿಲಲ್ಲಿ ನಿಲ್ಲಿಸ್ಲಾ? ಈಗ ರಟ್ಟಿನ ಮೇಲಿನ ಬಂಗಾರದ ಅಕ್ಷರದಲ್ಲೂ ಪುಸ್ತಕದ ಹೆಸರು ವಾಲ್ಬೇಕಂತೆ. ಬೈಂಡಿಂಗ್‌ನವರ ಹತ್ರ ಇರೋ ಅಚ್ಚಿನ ಮೊಳೇಲಿ ಓರೆ ಅಕ್ಷರಾನೇ ಇಲ್ಲ, ‘ಸುತ್ತಿಗೇಲಿ ಹೊಡೆದು ಬಗ್ಗಿಸ್ಲಾ’ ಅಂತ ನನ್ನೇ ಕೇಳ್ತಾರೆ. ಮೂರು ಪ್ರಿಂಟಿನ ದುಡ್ಡು ಆ ಮಗು ಹತ್ರ ಕೇಳೋಕೆ ಮನಸ್ಸು ಬರಲ್ಲ, ಬಿಟ್ರೆ ಟೋನರ್ ಯಾರಪ್ಪ ಕೊಡ್ತಾನೆ?

ಇಷ್ಟು ಸಣ್ಣ ಕಾಮಾ ಹಿಡಿಯೋ ಕಣ್ಣಿಗೆ ಗೇಟ್ ಮುಂದಿನ ಗುಂಡಿ ಮಾತ್ರ ಕಾಣಲ್ಲ. ಹೋದ ವರ್ಷ ಇದೇ ಮಹಾನುಭಾವರು ನನ್ನ ತಮ್ಮನ ಮಗನ ಮಾರ್ಕ್ಸ್ ಕಾರ್ಡಲ್ಲಿ ಅವನ ಹೆಸರೇ ತಪ್ಪು ಹೊಡೆದು, ತಿದ್ದೋಕೆ ನಮ್ಮನ್ನೇ ಅಫಿಡವಿಟ್ ಮಾಡ್ಸ್ಕೊಂಡ್ ಬನ್ನಿ ಅಂದ್ರು, ಎಷ್ಟು ಸಲ ಅಲೆದ್ವೋ ಲೆಕ್ಕ ಇಲ್ಲ. ಆ ಹೆಸರಿಗೆ ಇಟಾಲಿಕ್ಕೂ ಬೇಕಿರ್ಲಿಲ್ಲ ಕೋಟೂ ಬೇಕಿರ್ಲಿಲ್ಲ, ಸ್ಪೆಲಿಂಗ್ ಒಂದು ಸಾಕಿತ್ತು.

ಯಾವ ಸ್ಟೈಲು ಅಂತ ಒಂದು ಸರ್ಕ್ಯುಲರ್ ಹೊರಡಿಸ್ಲಿ, ಇಲ್ಲಾಂದ್ರೆ ಡಿಪಾರ್ಟ್‌ಮೆಂಟಲ್ಲೇ ಕಂಪ್ಯೂಟರ್ ಇಟ್ಕೊಂಡು ಎಷ್ಟು ಬೇಕೋ ಅಷ್ಟು ಅವ್ರೇ ವಾಲಿಸ್ಕೊಳ್ಲಿ, ಆ ಗುಂಡೀನೂ ಮುಚ್ಚಿಸ್ಲಿ. ನೀವೂ ಅಷ್ಟೇ, ಮುಂದಿನ ಸಲ ‘ಟೈಪಿಂಗ್ ದೋಷ’ ಅಂತ ಬರೆಯೋ ಮುಂಚೆ ಅಂಗಡಿ ಕಡೆ ಒಂದ್ಸಲ ಬಂದು ಹೋಗಿ.

– ನೊಂದ ಡಿಟಿಪಿಯವನು, ಎರಡನೇ ಗೇಟ್ ಎದುರು