ಭಾನುವಾರದ ಭೇಟಿ: ಮೂವತ್ತು ವರ್ಷದಾಚೆಯ ಮಾತು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 8ಕ್ಕೆ ಕಬ್ಬನ್ ಪಾರ್ಕ್ ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ಸೇರೋಣ. ಇನ್ನು ಮೂವತ್ತು ವರ್ಷಕ್ಕೆ ಬೆಂಗಳೂರಿನ ಮೆಟ್ರೋ, ನೀರಿನಂಥ ಸೌಕರ್ಯ ಹೇಗಿರಬೇಕು ಅಂತ ಮಾತಾಡೋಣ. ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆದವರು ತಪ್ಪದೆ ಬನ್ನಿ. ಈ ಸಲ ಮೊದಲ ಮಾತು ನಿಮ್ಮದೇ.

ಯಾಕೆ ಅಂದ್ರೆ, ನಮ್ಮ ಮೆಟ್ರೋಗೆ ಅಡಿಗಲ್ಲು ಬಿದ್ದಿದ್ದು 2006ರಲ್ಲಿ. ಸುಮಾರು 42 ಕಿಲೋಮೀಟರ್‌ನ ಮೊದಲ ಹಂತ ಪೂರ್ತಿ ಆಗಿದ್ದು 2017ರಲ್ಲಿ. ಅಡಿಗಲ್ಲಿನ ದಿನ ಹೈಸ್ಕೂಲಿನಲ್ಲಿದ್ದವರು ಅಷ್ಟರಲ್ಲಿ ಕೆಲಸಕ್ಕೆ ಹೋಗುತ್ತಿದ್ದರು! ಇವತ್ತು ಇಂಥ ಯೋಜನೆಗಳ ನಕ್ಷೆಗೆ ಗೆರೆ ಎಳೆಯುವವರು ನಿವೃತ್ತರಾದ ಮೇಲೂ ಆ ಲೈನು, ಆ ಪೈಪು ಇರುತ್ತವೆ. ನೋಡಿಕೊಳ್ಳಬೇಕಾದವರು ನೀವೇ ಅಲ್ವಾ?

ಬ್ರಿಟನ್‌ನಲ್ಲಿ 2015ರಲ್ಲಿ ರಾಷ್ಟ್ರೀಯ ಮೂಲಸೌಕರ್ಯ ಆಯೋಗ ಶುರುವಾಯಿತು. ರಸ್ತೆ, ರೈಲು, ನೀರು, ವಿದ್ಯುತ್ ಎಲ್ಲವನ್ನೂ 30 ವರ್ಷ ಮುಂದಕ್ಕೆ ನೋಡುವುದು ಅದರ ಕೆಲಸವಾಗಿತ್ತು. ಅದಕ್ಕೆ ಯುವ ವೃತ್ತಿಪರರದ್ದೇ ಒಂದು ಸಮಿತಿ ಇತ್ತು. ನಮ್ಮಲ್ಲಿ ಕಿರಿಯರು ಮೀಟಿಂಗ್‌ನಲ್ಲಿ ಸುಮ್ನೆ ಸ್ಲೈಡ್ ಬದಲಿಸುವುದೇ ಜಾಸ್ತಿ (ನಾನೂ ಬದಲಿಸಿದ್ದೇನೆ).

ಬೆಂಗಳೂರಿಗೆ ನೀರು ತರುವ ಕಾವೇರಿ ಯೋಜನೆಯ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್. ಅದರ ಮುಂದೇನು? ಇದೊಂದೇ ಪ್ರಶ್ನೆ ಯೋಚಿಸಿಕೊಂಡು ಬನ್ನಿ. ಪಿಪಿಟಿ ಬೇಡ, ಒಂದು ಹಾಳೆ ಸಾಕು.

ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ಆಮೇಲೆ ದೋಸೆ ಇದೆ, ಖರ್ಚು ಹಂಚಿಕೊಳ್ಳೋಣ.