ಸೋಡಾನಿಗೆ, ಕುದುರೆ ವಿಷಯವಾಗಿ

ಲೇ ಸೋಡಾ,

ಫೋನ್ ಮಾಡಿದರೆ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ. ವಾಟ್ಸಾಪ್‌ನಲ್ಲಿ ಉದ್ದಕ್ಕೆ ಬರೆದರೆ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಇಲ್ಲಿ, ಎಲ್ಲರ ಮುಂದೆ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ನೀನು ಕೊನೆಯ ಸಾಲಿನವರೆಗೂ ಓದುತ್ತೀಯ, ಹೈಸ್ಕೂಲಿನಿಂದ ನೋಡಿದ್ದೇನಲ್ಲ. ಹೆದರಬೇಡ, ಪಂಪ್‌ಹೌಸ್ ವಿಷಯ ಎತ್ತುವುದಿಲ್ಲ. ಹನ್ನೊಂದು ರೂಪಾಯಿ ಮಾತ್ರ ಮರೆತಿಲ್ಲ.

ಮೊದಲು ನಿನ್ನ ಮಗಳು ಪುಟ್ಟಿಯ ಕುದುರೆ ಸವಾರಿಯ ವಿಡಿಯೋ. ಆರು ಸಲ ನೋಡಿದೆ. ಏಳನೇ ಸಲ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಬಿಳಿ ಪ್ಯಾಂಟು, ಕರಿ ಕೋಟು, ತಲೆಗೆ ಹೆಲ್ಮೆಟ್ಟು, ಬೆನ್ನು ನೆಟ್ಟಗೆ. ಇದೇ ಹುಡುಗಿ ಅಲ್ವಾ ನಮ್ಮ ಹಿತ್ತಲಲ್ಲಿ ಎಮ್ಮೆ ಕಂಡು ಕಿರುಚಿದ್ದು? ಹಿಂದಿ ಮೇಡಂ ನೋಡಿ "ಕುದ್ರಿ ಕುಣ್ಯಾಕತ್ತೈತಲ್ರೀ" ಅಂದರು. ಕುಣಿತ ಅಲ್ಲ ಮೇಡಂ, ಇದಕ್ಕೆ ಡ್ರೆಸಾಜ್ ಅಂತಾರೆ, ಒಂದೊಂದು ಚಲನೆಗೂ 0ಯಿಂದ 10ರವರೆಗೆ ಅಂಕ ಇರುತ್ತದೆ ಎಂದು ನೀನು ಹೇಳಿಕೊಟ್ಟದ್ದನ್ನೆಲ್ಲ ನಾನೇ ಕಂಡುಹಿಡಿದವನ ಹಾಗೆ ಹೇಳಿದೆ. ಆ ಅಂಗಳದ ಸುತ್ತ ನೆಟ್ಟ ಅಕ್ಷರಗಳನ್ನೂ ತೋರಿಸಿದೆ. ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್. ಇಂಗ್ಲಿಷ್ ಮೇಷ್ಟ್ರು ಕನ್ನಡಕ ತೆಗೆದು, "ಎಬಿಸಿಡಿ ಹಿಂಗ ಹೇಳಿದ್ದಕ್ಕ ಹೋದ ವಾರ ಒಬ್ಬನ್ನ ಬೆಂಚಿನ ಮ್ಯಾಲ ನಿಲ್ಲಿಸೀನಿ" ಅಂದರು.

ನಿನ್ನ ಈ ಹುಚ್ಚು ಹೊಸದಲ್ಲ ಬಿಡು. 2018ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಕುದುರೆ ಸವಾರ ಫವಾದ್ ಮಿರ್ಜಾಗೆ ಎರಡು ಬೆಳ್ಳಿ ಬಂದಾಗ "ನಮ್ಮ ಬೆಂಗಳೂರಿನವನು" ಅಂತ ನೀನು ರಾತ್ರಿ ಫೋನ್ ಮಾಡಿದ್ದೆ. ಎಲಾ ಇವನ, ಕೊಪ್ಪಳದವನು ಬೆಂಗಳೂರಿನವನಾಗಿದ್ದು ಯಾವಾಗ ಅಂದುಕೊಂಡೆ. 2023ರಲ್ಲಿ ಹಾಂಗ್‌ಝೌನಲ್ಲಿ ಡ್ರೆಸಾಜ್ ತಂಡಕ್ಕೆ ಚಿನ್ನ ಬಂತು ನೋಡು, ಆಮೇಲೆ ನೀನು ಪೂರ್ತಿ ಕೆಟ್ಟೆ.

ನವೆಂಬರ್‌ನಲ್ಲಿ ಫೋನ್ ಮಾಡಿದಾಗ ಮಾತ್ರ ನಿನ್ನ ದನಿಯಲ್ಲಿ ಗ್ಯಾಸೇ ಇರಲಿಲ್ಲ. ಪುಟ್ಟಿ ಹತ್ತನೇ ಕ್ಲಾಸು. ಡಿಸೆಂಬರ್‌ನಲ್ಲಿ ಜೂನಿಯರ್ ನ್ಯಾಷನಲ್ಸ್. ಜನವರಿಯಲ್ಲಿ ಪ್ರಿಪರೇಟರಿ, ಫೆಬ್ರವರಿಯಲ್ಲಿ ಬೋರ್ಡ್. ಶಾಲೆಯವರು ಲೆಕ್ಕ ಹಾಕಿ ಹಾಜರಿ 68% ಅಂದಿದ್ದರು. ವೈನಿ ಹಿಂದಿನಿಂದ "ಅವರನ್ನ ಕೇಳ್ರೀ, ಅವರು ಮೇಷ್ಟ್ರು" ಅನ್ನುತ್ತಿದ್ದರು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನನ್ನನ್ನು ಹಾಗೆ ಯಾರೂ ನಂಬಿರಲಿಲ್ಲ. ಉಬ್ಬಿಹೋದೆ.

ಮೂರು ಸಂಜೆ ಕೂತೆ. ಸಿಬಿಎಸ್‌ಇ ನಿಯಮ ಹುಡುಕಿ ಓದಿದೆ. ಪರೀಕ್ಷೆಗೆ ಕೂರಲು 75% ಬೇಕು. ದೊಡ್ಡ ಕಾಯಿಲೆ, ತಂದೆ ತಾಯಿಯ ಸಾವು, ರಾಷ್ಟ್ರ ಮಟ್ಟದ ಕ್ರೀಡೆ, ಇಂಥ ಕಾರಣ ಇದ್ದರೆ 25%ವರೆಗೆ ವಿನಾಯಿತಿ ಕೊಡುತ್ತಾರೆ. ಕಾಗದ ಮಾತ್ರ ಬೇಕು. ಫೆಡರೇಷನ್ನಿನ ಪತ್ರ, ಸ್ಪರ್ಧೆಯ ತಾರೀಖು, ಹೋಗುವ ಮುಂಚೆಯೇ ಕೊಟ್ಟ ಅರ್ಜಿ. ಹೋಗಿ ಬಂದ ಮೇಲೆ ಕೊಟ್ಟ ಅರ್ಜಿಗೆ ಯಾವ ಹೆಡ್‌ಮಾಸ್ಟರೂ ಮರ್ಯಾದೆ ಕೊಡುವುದಿಲ್ಲ, ಇದು ಒಳಗಿನವನ ಮಾತು. ತಪ್ಪಿದ ಯೂನಿಟ್ ಟೆಸ್ಟುಗಳನ್ನು ಬೇರೆ ದಿನ ಬರೆಸಿ ಅಂತಲೂ ಸೇರಿಸಿದೆ. ಒಂದೂವರೆ ಪುಟದ ಇಂಗ್ಲಿಷ್ ಪತ್ರ. ಮೂರು ಸಲ ತಿದ್ದಿದೆ. ಅಷ್ಟಕ್ಕೂ ಕಡಿಮೆ ಬಿದ್ದರೆ ಒಂದು ಟೈಫಾಯ್ಡ್ ತರಿಸಿದರಾಯಿತು ಎಂದೂ ಹೇಳಿದ್ದೆ. ಇದನ್ನು ಇಲ್ಲಿ ಬರೆಯಬಾರದಿತ್ತು.

ಒಂದು ವಿಷಯ ಆಗಲೇ ಹೇಳಿದ್ದೆ, ಈಗಲೂ ಹೇಳುತ್ತೇನೆ. ಸ್ಪರ್ಧೆಯ ದಿನಕ್ಕೆ ಕಾಗದ ಸಿಗುತ್ತದೆ. ಅಭ್ಯಾಸದ ದಿನಕ್ಕೆ ಸಿಗುವುದಿಲ್ಲ. ಪುಟ್ಟಿಯ ಹಾಜರಿ ಸೋರಿದ್ದು ಸ್ಪರ್ಧೆಯಲ್ಲಲ್ಲ, ಬೆಳಗ್ಗೆ ಐದಕ್ಕೆ ಎದ್ದು ಲಾಯಕ್ಕೆ ಹೋಗಿ, ಹತ್ತಕ್ಕೆ ಸುಸ್ತಾಗಿ ಬರುವ ದಿನಗಳಲ್ಲಿ. ಕ್ರಿಕೆಟ್ ಆಡುವವರು ಪರೀಕ್ಷೆ ಬಂದಾಗ ಬ್ಯಾಟನ್ನು ಮಂಚದ ಕೆಳಗೆ ತಳ್ಳುತ್ತಾರೆ. ಕುದುರೆಯನ್ನು ಎಲ್ಲಿ ತಳ್ಳುತ್ತೀಯ? ಅದಕ್ಕೆ ದಿನಾ ತಿನ್ನಿಸಬೇಕು, ದಿನಾ ಓಡಿಸಬೇಕು. ಬಿಟ್ಟರೆ ಜಿಗಿತದ ಸ್ಪರ್ಧೆಯ ದಿನ ಹಾರಬೇಕಾದ ಕಂಬದ ಮುಂದೆ ಹಟ ಹಿಡಿದು ನಿಲ್ಲುತ್ತದೆ. ನಿಂತದ್ದು ಕುದುರೆ, ನಾಲ್ಕು ಪೆನಾಲ್ಟಿ ಇವಳಿಗೂ ಸೇರಿ. ನಮ್ಮ ಶಾಲೆಯಲ್ಲೂ ಹೀಗೆಯೇ, ಒಬ್ಬ ಮಾಡಿದ ತಪ್ಪಿಗೆ ಬೆಂಚಿನವರಿಗೆಲ್ಲ ಏಟು ಬೀಳುತ್ತಿತ್ತಲ್ಲ.

ಇಷ್ಟರಲ್ಲೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನೀನು ಆ ಅಮೆರಿಕದ ವಿಷಯ ಕಳಿಸಿದೆ.

ಫ್ಲಾರಿಡಾದಲ್ಲಿ ವೆಲ್ಲಿಂಗ್ಟನ್ ಅಂತ ಊರು. ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿ ವಾರ ವಾರವೂ ಕುದುರೆ ಸ್ಪರ್ಧೆ. ಉತ್ತರದ ಚಳಿ ಊರುಗಳಿಂದ ಮನೆಮಂದಿಯೆಲ್ಲ ಕುದುರೆ ಸಮೇತ ಅಲ್ಲಿಗೆ ಹೋಗಿ ಬಿಡಾರ ಹೂಡುತ್ತಾರೆ. ಮಕ್ಕಳು ಅಲ್ಲೇ ಟ್ಯೂಟರ್ ಹತ್ತಿರವೋ ಆನ್‌ಲೈನಿನಲ್ಲೋ ಪಾಠ ಕಲಿಯುತ್ತಾರೆ. "ನಾವೂ ಹಿಂಗ ಮಾಡೋಣೇನೋ, ಓಪನ್ ಸ್ಕೂಲಿಗೆ ಹಾಕಿಬಿಡ್ಲೇನು?" ಎಂದು ನೀನು ಕೇಳಿದ್ದೆ. ಚಳಿಗಾಲ ಬಂತೆಂದರೆ ಕುದುರೆ ಹೊಡೆದುಕೊಂಡು, ಹೆಂಡತಿ ಮಕ್ಕಳ ಜೊತೆ ದಕ್ಷಿಣಕ್ಕೆ ಹೊರಡುವ ಜನ! ಓದಿ ನಕ್ಕೆ. ನಗುತ್ತಿದ್ದಂತೆ ಹೊಟ್ಟೆಯಲ್ಲಿ ಏನೋ ಆಯಿತು. ಇಂಥ ಜನ ನನಗೆ ಗೊತ್ತು. ನಿನಗೂ ಗೊತ್ತು. ನಮ್ಮ ಊರ ಹಿಂದಿನ ಗುಡ್ಡದ ಬುಡದಲ್ಲೇ ಇದ್ದಾರೆ.

ಕುಷ್ಟಗಿ, ಯಲಬುರ್ಗಾ ಕಡೆಯ ಕುರಿಗಾರರನ್ನು ನೀನು ಮರೆತಿರಲಿಕ್ಕಿಲ್ಲ. ದೀಪಾವಳಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಗಂಗಾವತಿ, ಸಿರುಗುಪ್ಪ ಕಡೆಯ ಕಾಲುವೆ ಸೀಮೆಗೆ ಇಳಿಯುತ್ತಾರೆ. ಭತ್ತ ಕೊಯ್ದ ಗದ್ದೆಯಲ್ಲಿ ರಾತ್ರಿ ಬಲೆ ಕಟ್ಟಿ ಕುರಿ ನಿಲ್ಲಿಸುತ್ತಾರೆ. ಗದ್ದೆಗೆ ಗೊಬ್ಬರ, ಇವರಿಗೆ ಕಾಳೋ ದುಡ್ಡೋ. ಜೊತೆಗೆ ಒಂದೆರಡು ಕುದುರೆ. ಬಲೆ, ಪಾತ್ರೆ, ಕಂಬಳಿ, ಆಗ ತಾನೇ ಹುಟ್ಟಿದ ಮರಿಗಳು, ಎಲ್ಲ ಅದರ ಬೆನ್ನ ಮೇಲೆ. ವಾಪಸ್ ಬರುವುದು ಯುಗಾದಿ ಹೊತ್ತಿಗೆ.

ಹೋದ ವರ್ಷ ನನ್ನ ಹತ್ತನೇ ಕ್ಲಾಸಿನಲ್ಲಿ ಅಂಥದೊಂದು ಮನೆಯ ಹುಡುಗ ಇದ್ದ. ಹೆಸರು ಬೇಡ. ಕುದುರೆ ನೋಡಿಕೊಳ್ಳುವುದು ಅವನ ಪಾಲಿನ ಕೆಲಸ. ದೀಪಾವಳಿ ಮಾರನೇ ವಾರ ಅವರಪ್ಪ ಬಂದು ಸ್ಟಾಫ್ ರೂಮಿನ ಬಾಗಿಲ ಹೊರಗೇ ನಿಂತ. "ಯುಗಾದಿಗೆ ಬರ್ತೀವ್ರಿ ಸರ. ಹುಡುಗನ ಹೆಸ್ರು ತಗೀಬ್ಯಾಡ್ರಿ." ನಾನು ಶಿಕ್ಷಣದ ಮಹತ್ವದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಕೂರಲು ಮಾತ್ರ ಹೇಳಲಿಲ್ಲ.

ಹುಡುಗ ಬಂದದ್ದು 83 ದಿನ. ಎಸ್ಸೆಸ್ಸೆಲ್ಸಿಗೂ 75% ಬೇಕಲ್ಲ. ಉಳಿದ ದಿನಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಗೈರು ಹಾಕಿದೆ. ಊರಿನ ವಿಳಾಸಕ್ಕೆ ಒಂದು ನೋಟಿಸ್ ಕಳಿಸಿದೆ. ಮನೆಗೆ ಬೀಗ ಇದೆ ಅಂತ ಗೊತ್ತಿತ್ತು. ಅಪ್ಪನ ನಂಬರ್ ನನ್ನ ಫೋನಿನಲ್ಲಿತ್ತು, ಅದೂ ಗೊತ್ತಿತ್ತು.

ಜನವರಿಯಲ್ಲಿ ಸಿಂಧನೂರಿಗೆ ಒಂದು ಮದುವೆಗೆ ಹೊರಟಿದ್ದೆ. ಕಾರಟಗಿ ದಾಟಿದ ಮೇಲೆ ಬಸ್ಸು ನಿಂತಿತು. ರಸ್ತೆ ತುಂಬ ಕುರಿ. ನೋಡಿದರೆ ಇವನು! ಕುದುರೆಯ ಹಗ್ಗ ಹಿಡಿದು ನಡೆಯುತ್ತಿದ್ದ. ಎರಡೂ ಕಡೆ ಚೀಲದಿಂದ ಮರಿಗಳ ತಲೆ ಹೊರಗೆ. ಡ್ರೈವರ್ ಹಾರ್ನ್ ಒತ್ತಿದ, ಕುದುರೆ ಬೆದರಿತು. ಇವನು ಹೊಡೆಯಲಿಲ್ಲ, ಎಳೆಯಲಿಲ್ಲ. ಅದರ ಕುತ್ತಿಗೆಗೆ ಭುಜ ಒತ್ತಿ ನಿಂತ. ಏನೋ ಅಂದ. ಅದು ಸುಮ್ಮನಾಯಿತು. ಆಮೇಲೆ ತಲೆ ಎತ್ತಿದವನು ಕಿಟಕಿಯಲ್ಲಿ ನನ್ನನ್ನು ನೋಡಿ, ಬಸ್ಸಿಗೆಲ್ಲ ಕೇಳುವ ಹಾಗೆ "ನಮಸ್ಕಾರ್ರೀ ಸರ" ಅಂದ.

ನಾನು ಫೋನ್ ಕಿವಿಗೆ ಹಿಡಿದೆ. ಯಾರ ಕರೆಯೂ ಬಂದಿರಲಿಲ್ಲ.

ಅವನು ಪುಟ್ಟಿಗಿಂತ ಒಳ್ಳೆಯ ಸವಾರ, ಅವಕಾಶ ಸಿಕ್ಕಿದ್ದರೆ ಪದಕ ತರುತ್ತಿದ್ದ ಅಂತೆಲ್ಲ ಹೇಳುವುದಿಲ್ಲ. ಅದು ಸಿನಿಮಾ. ಅವನು ಕುದುರೆ ಹತ್ತಿದ್ದನ್ನೇ ನಾನು ಕಂಡಿಲ್ಲ, ಅದರ ಮೇಲೆ ಜಾಗ ಎಲ್ಲಿತ್ತು. ಪುಟ್ಟಿ ಪಡುವ ಕಷ್ಟವೂ ಸುಳ್ಳಲ್ಲ. ಬಿದ್ದು ಕೈ ಮುರಿದುಕೊಂಡು ಎಂಟನೇ ವಾರ ಮತ್ತೆ ಹತ್ತಿದ ಹುಡುಗಿ ಅವಳು. ನನಗೆ ಚುಚ್ಚಿದ್ದು ಬೇರೆ. ನಿನಗೆ ಕಳಿಸಿದ ಪತ್ರ ಹುಡುಕಲು ಮೊನ್ನೆ ಲ್ಯಾಪ್‌ಟಾಪ್ ತೆಗೆದರೆ, ಹಾಜರಿ ಅನ್ನುವ ಫೋಲ್ಡರಿನಲ್ಲಿ ಎರಡು ಫೈಲು ಪಕ್ಕಪಕ್ಕ ಕೂತಿದ್ದವು. ಒಂದು ಪುಟ್ಟಿಯದು, ಒಂದೂವರೆ ಪುಟ. ಇನ್ನೊಂದು ಅವನದು, ನಾಲ್ಕು ಸಾಲು. ಅವಳದರಲ್ಲಿ ಶಿಸ್ತು, ಪರಿಶ್ರಮ, ಪ್ರಾಣಿಯ ಜೊತೆಗಿನ ಹೊಣೆಗಾರಿಕೆ, ಏನೇನು ಪದ ಬೇಕೋ ಎಲ್ಲ ಇದೆ. ಅವನದರಲ್ಲಿ "ಸತತ ಗೈರುಹಾಜರಿ", "ಮುಂದಿನ ಪರಿಣಾಮಕ್ಕೆ ತಾವೇ ಹೊಣೆ". ಎರಡನ್ನೂ ಬರೆದದ್ದು ಒಂದೇ ಕೈ.

ಇನ್ನೊಂದಿದೆ. ಬರೆಯಲೋ ಬೇಡವೋ ಅಂತ ಈಗ ಎದ್ದು ನೀರು ಕುಡಿದು ಬಂದೆ.

ಹೆಡ್‌ಮಾಸ್ಟರ್ ಅವತ್ತು ಕರೆದು, "ಏನಾರ ಮಾಡಾಕ ಬರ್ತದೇನ್ ನೋಡ್ರಿ, ಇಲ್ಲಂದ್ರ ಮುಂದಿನ ಸಲ ಖಾಸಗಿಯಾಗೆರ ಕಟ್ಟಲಿ, ಅವರಪ್ಪಗ ಹೇಳ್ರಿ" ಅಂದಿದ್ದರು. ನಿಯಮ ಸರ್, ಇವತ್ತು ಇವನಿಗೆ ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಅಂದೆ. ನಿಯಮದ ಮೇಲೆ ನನಗೆ ಅಷ್ಟು ಪ್ರೀತಿ ಇರಲಿಲ್ಲ ಸೋಡಾ. ಹುಡುಗ ನನ್ನ ಸಮಾಜ ವಿಜ್ಞಾನದಲ್ಲಿ ಪಾಸಾಗುತ್ತಿರಲಿಲ್ಲ. ರಿಸಲ್ಟ್ ಬಂದಾಗ ಪೇಪರಿನ ಪಟ್ಟಿಯಲ್ಲಿ ನಮ್ಮ ಸೀಮೆಯ ಜಿಲ್ಲೆಗಳು ಎಲ್ಲಿರುತ್ತವೆ ಅಂತ ನಿನಗೆ ಗೊತ್ತಲ್ಲ. ಒಬ್ಬೊಬ್ಬ ಹುಡುಗನಿಗೂ ಮೀಟಿಂಗಿನಲ್ಲಿ ಲೆಕ್ಕ ಕೇಳುತ್ತಾರೆ. ಅವನು ಪರೀಕ್ಷೆಗೆ ಕೂರದಿದ್ದರೆ ನನ್ನ ಸಬ್ಜೆಕ್ಟ್ ನೂರಕ್ಕೆ ನೂರು. ಕೂರಲಿಲ್ಲ. ನೂರಕ್ಕೆ ನೂರು ಬಂತು. ಸಭೆಯಲ್ಲಿ ಕರೆದು ಶಾಲು ಹೊದಿಸಿದರು. ಆ ಫೋಟೋಗೆ ನೀನು ಮೂರು ಬೆಂಕಿ ಹಾಕಿದ್ದೆ. ವೈನಿ "ಹೆಮ್ಮೆ" ಅಂತ ಬರೆದಿದ್ದರು.

ಖಾಸಗಿಯಾಗಿ ಕಟ್ಟಬಹುದು ಅಂತ ಅವರಪ್ಪನಿಗೆ ನಾನು ಹೇಳಲೇ ಇಲ್ಲ.

ಮೊನ್ನೆ ರಾತ್ರಿ ಆ ನಂಬರಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂದಳು ಆಕೆ. ನಿಜ ಹೇಳಲಾ? ಸಮಾಧಾನವಾಯಿತು. ಮತ್ತೆ ಮಾಡಿಲ್ಲ.

ಸಾಕು. ಗೆಳೆಯನಿಗೆ ಕುದುರೆ ವಿಷಯ ಬರೆಯಲು ಕೂತು ನಾನೇ ಕಂಬದ ಮುಂದೆ ನಿಂತುಬಿಟ್ಟೆ. ನಾಲ್ಕು ಪೆನಾಲ್ಟಿ ಹಾಕಿಕೋ. ಇದನ್ನು ಓದುತ್ತಿರುವ ನಮ್ಮ ಬ್ಯಾಚಿನವರಿಗೆ ಒಂದು ಮಾತು: ಕೆಳಗೆ ಬಂದು "ಸರ್, ನೀವು ಗ್ರೇಟ್, ಎಷ್ಟು ಪ್ರಾಮಾಣಿಕರು" ಅಂತ ಬರೆದರೆ ಜಾತ್ರೆಯಲ್ಲಿ ಸಿಕ್ಕಾಗ ನೋಡಿಕೊಳ್ಳುತ್ತೇನೆ. ಆ ಶಾಲನ್ನು ನಮ್ಮನೆಯಾಕೆ ಟಿವಿ ಮೇಲೆ ಹೊದಿಸಿದ್ದಾಳೆ. ಟಿವಿ ಕೆಟ್ಟು ಆರು ತಿಂಗಳಾಯಿತು, ಶಾಲು ಗಟ್ಟಿಯಾಗಿದೆ.

ನಿನ್ನ ಪ್ರಶ್ನೆಗೆ ಉತ್ತರ ಕೊಡಲೇ ಇಲ್ಲ ಅಲ್ವಾ. ಓಪನ್ ಸ್ಕೂಲ್ ಈಗ ಬೇಡ. ಹತ್ತು ಮುಗಿಯಲಿ. ಅರ್ಜಿ ಈ ವಾರವೇ ಕೊಡು, ಸ್ವೀಕೃತಿಯ ಸಹಿ ಹಾಕಿಸಿಕೊಂಡೇ ಬಾ. ಟೈಫಾಯ್ಡ್ ಬೇಡ. ಕುದುರೆಗೂ ಪಾಸ್‌ಪೋರ್ಟ್ ಇರುತ್ತದೆ ಅಂದೆಯಲ್ಲ, ಅದರ ಒಂದು ಫೋಟೋ ಕಳಿಸು, ಹಿಂದಿ ಮೇಡಂ ನಂಬುತ್ತಿಲ್ಲ.

ಜನವರಿಯಲ್ಲಿ ಗವಿಮಠದ ಜಾತ್ರೆಗೆ ಎಲ್ಲರೂ ಬನ್ನಿ. ಪುಟ್ಟಿಗೆ ಪ್ರಿಪರೇಟರಿ ಇದ್ದರೆ ಅವಳನ್ನು ಬಿಟ್ಟು ಬನ್ನಿ, ಅವಳ ಹಾಜರಿ ಇನ್ನು ಕರಗಬಾರದು. ದಾಸೋಹದಲ್ಲಿ ಮಿರ್ಚಿ ಬಡಿಸುವಾಗ ನೀನು ಮತ್ತೆ ಆ ಸೋಡಾ ಕೆಲಸ ಮಾಡದಿದ್ದರೆ ಸಾಕು.

ಇಂತಿ ನಿನ್ನ,
ಬೆಂಚ್ ನಂಬರ್ ಮೂರು

ತಾ.ಕ.: ಪುಟ್ಟಿಯ ಪತ್ರದ ಎರಡನೇ ಪ್ಯಾರಾದಲ್ಲಿ ಡಿಸೆಂಬರ್ ಸ್ಪೆಲಿಂಗ್ ತಪ್ಪಿದೆ. ಮೂರು ಸಲ ತಿದ್ದಿದರೂ ಕಂಡಿರಲಿಲ್ಲ. ಸರಿಮಾಡಿ ಕೊಡು. ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಹೇಳಬೇಡ, ಬೆಂಚಿನ ಮೇಲೆ ನಿಲ್ಲಿಸುತ್ತಾರೆ.