ಶನಿವಾರದ ಫುಟ್‌ಬಾಲ್ ಪ್ರವಾಸಗಳ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ವಿಷಯ: ಬರುವ ಸೀಸನ್‌ನಿಂದ ಪಂದ್ಯ ವೀಕ್ಷಣೆಯ ಪ್ರವಾಸಗಳಲ್ಲಿ ಆಗುವ ಬದಲಾವಣೆಯ ಕುರಿತು.

ಮಾನ್ಯ ಗ್ರಾಹಕರೇ,

ವಂದನೆಗಳು. ಗ್ಲಾಸ್ಗೋ ಮತ್ತು ಎಡಿನ್‌ಬರಾ ಸುತ್ತಮುತ್ತ ನೆಲೆಸಿರುವ ಕನ್ನಡಿಗ ಕುಟುಂಬಗಳನ್ನು, ಇಲ್ಲಿ ಓದಲು ಬಂದಿರುವ ವಿದ್ಯಾರ್ಥಿಗಳನ್ನು, ಮಕ್ಕಳ ಮನೆಗೆಂದು ಊರಿನಿಂದ ಬರುವ ತಂದೆ ತಾಯಿಯರನ್ನು ಫುಟ್‌ಬಾಲ್ ಪಂದ್ಯಗಳಿಗೆ ಕರೆದೊಯ್ಯುವ ಕೆಲಸವನ್ನು ನಮ್ಮ ಸಣ್ಣ ಸಹಕಾರ ಸಂಘ ಮಾಡಿಕೊಂಡು ಬಂದಿರುವುದು ತಮಗೆ ತಿಳಿದೇ ಇದೆ. ಬರುವ ಸೀಸನ್‌ನಿಂದ ಗ್ಲಾಸ್ಗೋದ ಎರಡು ದೊಡ್ಡ ಕ್ಲಬ್‌ಗಳಾದ ಸೆಲ್ಟಿಕ್ ಅಥವಾ ರೇಂಜರ್ಸ್ ಆಡುವ ಯಾವ ಪಂದ್ಯಕ್ಕೂ ಗುಂಪು ಪ್ರವಾಸ ಏರ್ಪಡಿಸದಿರಲು, ಅದರ ಬದಲು ಉಳಿದ ಕ್ಲಬ್‌ಗಳು ತಮ್ಮತಮ್ಮಲ್ಲೇ ಆಡುವ, ಶನಿವಾರ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಸಾಮಾನ್ಯ ಪಂದ್ಯಗಳಿಗೆ ಮಾತ್ರ ಹೋಗಲು ಸಂಘದ ಸರ್ವಸದಸ್ಯರ ಸಭೆ ತೀರ್ಮಾನಿಸಿದೆ. ಟಿಕೆಟ್‌ಗಳನ್ನು ಗುಂಪು ರಿಯಾಯಿತಿ ಕೇಳದೆ, ನೇರವಾಗಿ ಆಯಾ ಕ್ಲಬ್‌ನಿಂದಲೇ ಪೂರ್ಣ ದರಕ್ಕೆ ಕೊಳ್ಳುತ್ತೇವೆ. ತಮ್ಮಲ್ಲಿ ಹಲವರು ಆ ಎರಡು ದೊಡ್ಡ ಕ್ಲಬ್‌ಗಳ ಹೆಸರು ಕೇಳಿಯೇ ನಮ್ಮಲ್ಲಿಗೆ ಬಂದವರಾದ್ದರಿಂದ, ಕಾರಣವನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯ.

ಮೊದಲು ಹಣದ ಲೆಕ್ಕ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2025ರಿಂದ ನಾಲ್ಕು ಸೀಸನ್‌ಗಳಿಗೆ ದೇಶದೊಳಗಿನ ಟಿವಿ ಹಕ್ಕುಗಳನ್ನಷ್ಟೇ 670 ಕೋಟಿ ಪೌಂಡ್‌ಗೆ ಮಾರಿದೆ. ಗಡಿಯ ಈಚೆ ಬದಿಯಲ್ಲಿ, ನಾಲ್ಕು ದರ್ಜೆಗಳಲ್ಲಿ 42 ಕ್ಲಬ್‌ಗಳಿರುವ ಸ್ಕಾಟ್ಲೆಂಡಿನ ಲೀಗ್‌ಗೆ ಸ್ಕೈ ವಾಹಿನಿಯ ಒಪ್ಪಂದದಿಂದ ವರ್ಷಕ್ಕೆ ಸಿಗುವುದು ಸುಮಾರು 3 ಕೋಟಿ ಪೌಂಡ್. ಆ ಹಣವೂ ಗಟ್ಟಿಯಲ್ಲ ಎಂಬುದನ್ನು 2009ರಲ್ಲಿ ಆಗಿನ ಪ್ರಸಾರಕನಾದ ಸೆಟಾಂಟಾ ವಾಹಿನಿ ಕೈ ಎತ್ತಿದಾಗ ಇಲ್ಲಿನ ಕ್ಲಬ್‌ಗಳು ಕಂಡಿವೆ. ಹೀಗಾಗಿ ಯುರೋಪಿನ ಹೆಚ್ಚಿನ ಲೀಗ್‌ಗಳಿಗಿಂತ ಇಲ್ಲಿನ ಕ್ಲಬ್‌ಗಳು ಗೇಟಿನಲ್ಲಿ ಬೀಳುವ ಹಣವನ್ನು ಹೆಚ್ಚು ನೆಚ್ಚಿಕೊಂಡಿವೆ. ಆಟಗಾರರ ಸಂಬಳ, ಮೈದಾನದ ಹುಲ್ಲು, ಕಿರಿಯರ ತರಬೇತಿ ಎಲ್ಲಕ್ಕೂ ಮೂಲ ಅದೇ. ಕೊರೊನಾ ಕಾಲದಲ್ಲಿ ಗೇಟು ಮುಚ್ಚಿದಾಗ ಇದು ಎಲ್ಲರಿಗೂ ಮನವರಿಕೆಯಾಯಿತು.

ಜನರಿಗೆ ಆಸಕ್ತಿಯಿಲ್ಲ ಎನ್ನುವಂತಿಲ್ಲ. ಸುಮಾರು 55 ಲಕ್ಷ ಜನಸಂಖ್ಯೆಯ ಈ ದೇಶದಲ್ಲಿ, ಜನಸಂಖ್ಯೆಗೆ ಹೋಲಿಸಿದರೆ, ಮೈದಾನಕ್ಕೆ ಹೋಗಿ ಪಂದ್ಯ ನೋಡುವವರ ಪ್ರಮಾಣ ಯುರೋಪಿನಲ್ಲೇ ಮುಂಚೂಣಿಯಲ್ಲಿದೆ. ಆದರೆ ಅಗ್ರ ದರ್ಜೆಯ ಪ್ರೇಕ್ಷಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸೇರುವುದು ಗ್ಲಾಸ್ಗೋದ ಎರಡೇ ಮೈದಾನಗಳಲ್ಲಿ: ಸುಮಾರು 60 ಸಾವಿರ ಆಸನಗಳ ಸೆಲ್ಟಿಕ್ ಪಾರ್ಕ್ ಮತ್ತು ಸುಮಾರು 50 ಸಾವಿರದ, ರೇಂಜರ್ಸ್‌ನ ಐಬ್ರಾಕ್ಸ್. ಹಿಂದೆ ಟಿಕೆಟ್ ಹಣದಲ್ಲಿ ಅತಿಥಿ ತಂಡಕ್ಕೂ ಪಾಲು ಇರುತ್ತಿತ್ತು. 1980ರ ದಶಕದ ಆರಂಭದಲ್ಲಿ ಆ ಪದ್ಧತಿ ಹೋಗಿ, ಗೇಟಿನ ಹಣವೆಲ್ಲ ತವರು ಕ್ಲಬ್‌ಗೇ ಸೇರತೊಡಗಿತು. ದೊಡ್ಡ ಮೈದಾನ ಇದ್ದವರಿಗೆ ದೊಡ್ಡ ಆದಾಯ, ಅದರಿಂದ ಉತ್ತಮ ತಂಡ, ಅದರಿಂದ ಯುರೋಪಿಯನ್ ಟೂರ್ನಿಗಳ ಹಣ, ಆ ಹಣದಿಂದ ಮತ್ತೆ ಉತ್ತಮ ತಂಡ. ಸೆಲ್ಟಿಕ್‌ನ ವಾರ್ಷಿಕ ಆದಾಯ ಇತ್ತೀಚೆಗೆ 12 ಕೋಟಿ ಪೌಂಡ್ ದಾಟಿದ್ದರೆ, ಅದೇ ದರ್ಜೆಯಲ್ಲಿ ಆಡುವ ಕೆಲವು ಕ್ಲಬ್‌ಗಳಿಗೆ ಅದರ ಹತ್ತನೇ ಒಂದು ಭಾಗವೂ ಬರುವುದಿಲ್ಲ.

ಇದರ ಫಲ ಪಟ್ಟಿಯಲ್ಲಿದೆ. ಅಲೆಕ್ಸ್ ಫರ್ಗ್ಯುಸನ್ ತರಬೇತಿಯ ಅಬರ್ಡೀನ್ 1985ರಲ್ಲಿ ಲೀಗ್ ಗೆದ್ದ ಮೇಲೆ 2025ರವರೆಗಿನ ನಲವತ್ತು ಪ್ರಶಸ್ತಿಗಳೂ ಆ ಎರಡು ಕ್ಲಬ್‌ಗಳ ನಡುವೆಯೇ ಹಂಚಿಹೋದವು. ಅದರ ಮರುವರ್ಷವೇ, 1986ರ ಲೀಗ್‌ನ ಕೊನೆಯ ದಿನ, ಪ್ರಶಸ್ತಿ ಗೆಲ್ಲಲು ಎಡಿನ್‌ಬರಾದ ಹಾರ್ಟ್ಸ್ ಕ್ಲಬ್‌ಗೆ ಒಂದು ಡ್ರಾ ಸಾಕಿತ್ತು. ಡಂಡೀಯಲ್ಲಿ 2–0ರಿಂದ ಸೋತು ಗೋಲ್ ಅಂತರದಲ್ಲಿ ಪ್ರಶಸ್ತಿ ಕಳೆದುಕೊಂಡಿತು. ಆ ದಿನವನ್ನು ನೆನೆಸಿಕೊಳ್ಳುವ ಹಿರಿಯರು ಎಡಿನ್‌ಬರಾದಲ್ಲಿ ಇಂದಿಗೂ ಸಿಗುತ್ತಾರೆ.

ಹಾಗಿದ್ದರೆ ಸಣ್ಣ ಕ್ಲಬ್‌ನ ಮೈದಾನಕ್ಕೆ ದೊಡ್ಡ ಕ್ಲಬ್ ಬಂದಾಗ ಹೋದರಾಯಿತಲ್ಲ, ಸಣ್ಣವರಿಗೂ ಹಣ, ನಮಗೂ ದೊಡ್ಡ ತಂಡ ಕಂಡ ಸಂತೋಷ ಎಂದು ಸಭೆಯಲ್ಲಿ ಕೆಲವು ಸದಸ್ಯರು ಕೇಳಿದರು. ಈ ಪ್ರಶ್ನೆಯ ಮೇಲೆಯೇ ಹೆಚ್ಚು ಹೊತ್ತು ಚರ್ಚೆ ನಡೆಯಿತು. ಅಗ್ರ ದರ್ಜೆಯಲ್ಲಿರುವುದು 12 ತಂಡಗಳು. 33 ಪಂದ್ಯಗಳ ನಂತರ ಪಟ್ಟಿಯನ್ನು ಮೇಲಿನ ಆರು, ಕೆಳಗಿನ ಆರು ಎಂದು ಎರಡಾಗಿ ಒಡೆದು ಇನ್ನೂ ಐದು ಪಂದ್ಯ ಆಡಿಸುತ್ತಾರೆ. ಈ ಏರ್ಪಾಟಿನಲ್ಲಿ ಪ್ರತಿ ಕ್ಲಬ್‌ಗೂ ಸೆಲ್ಟಿಕ್ ಮತ್ತು ರೇಂಜರ್ಸ್ ವಿರುದ್ಧ ಒಟ್ಟು ಮೂರು ನಾಲ್ಕು ಪಂದ್ಯಗಳು ತವರಿನಲ್ಲಿ ಸಿಗುತ್ತವೆ. ಲೀಗನ್ನು 16 ಅಥವಾ 18 ತಂಡಗಳಿಗೆ ಹಿಗ್ಗಿಸಬೇಕೆಂದು ಅಭಿಮಾನಿಗಳು ವರ್ಷಗಳಿಂದ ಕೇಳುತ್ತಿದ್ದರೂ ಕ್ಲಬ್‌ಗಳು ಹಿಂಜರಿಯುವುದು ಇದೇ ಕಾರಣಕ್ಕೆ: ಪ್ರತಿ ತಂಡದೊಂದಿಗೆ ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ ಆಡುವ ಲೀಗ್‌ನಲ್ಲಿ ಆ ತುಂಬಿದ ಮೈದಾನದ ದಿನಗಳು ಎರಡಕ್ಕೆ ಇಳಿಯುತ್ತವೆ. ಆ ದಿನಗಳಲ್ಲಿ ಆಸನಗಳು ಹೇಗೂ ಮಾರಾಟವಾಗುತ್ತವೆ. ನಾವು ಹೋದರೆ ಬೇರೊಬ್ಬರ ಜಾಗದಲ್ಲಿ ಕುಳಿತಂತೆ. ಕ್ಲಬ್‌ಗೆ ಹೊಸದಾಗಿ ಏನೂ ಬರುವುದಿಲ್ಲ. ಹಣ ಬೇಕಾಗಿರುವುದು ಸೇಂಟ್ ಮಿರ್ರನ್‌ನಂಥ ಕ್ಲಬ್ ಮದರ್‌ವೆಲ್‌ನಂಥ ಕ್ಲಬ್ ಜೊತೆ ಆಡುವ, ಅರ್ಧ ಖಾಲಿ ಉಳಿಯುವ ನವೆಂಬರ್ ಶನಿವಾರದಂದು. ಆ ದಿನ ಇಪ್ಪತ್ತು ಮೂವತ್ತು ಜನ ಹೆಚ್ಚು ಬಂದರೂ ಅದು ಲೆಕ್ಕಕ್ಕೆ ಸಿಗುವ ಹಣ. ನಮ್ಮ ಹೊಸ ಪ್ರವಾಸಗಳೆಲ್ಲ ಅಂಥ ದಿನಗಳಿಗಾಗಿಯೇ.

ದೊಡ್ಡವರಿಲ್ಲದಿದ್ದರೆ ಆಟವೇ ಮುಳುಗುತ್ತದೆ ಎಂಬ ಮಾತನ್ನೂ ಇಲ್ಲಿ ಆಗಾಗ ಕೇಳುತ್ತೇವೆ. ಅದಕ್ಕೆ 2012 ಉತ್ತರ ಕೊಟ್ಟಿದೆ. ಆ ವರ್ಷ ರೇಂಜರ್ಸ್ ನಡೆಸುತ್ತಿದ್ದ ಕಂಪನಿ ಸಾಲದಲ್ಲಿ ಮುಳುಗಿ ಸಮಾಪನೆಗೆ ಹೋಯಿತು. ಹೊಸ ಕಂಪನಿಯನ್ನು ನೇರವಾಗಿ ಅಗ್ರ ದರ್ಜೆಗೆ ಸೇರಿಸಿಕೊಂಡರೆ ಸೀಸನ್ ಟಿಕೆಟ್ ಕೊಳ್ಳುವುದಿಲ್ಲ ಎಂದು ಉಳಿದ ಕ್ಲಬ್‌ಗಳ ಅಭಿಮಾನಿಗಳು ಖಡಾಖಂಡಿತವಾಗಿ ಹೇಳಿದರು. 12 ಕ್ಲಬ್‌ಗಳಲ್ಲಿ 10 ವಿರುದ್ಧವಾಗಿ ಮತ ಹಾಕಿದವು. ರೇಂಜರ್ಸ್ ನಾಲ್ಕನೆಯ ದರ್ಜೆಯಿಂದ ಶುರು ಮಾಡಿ 2016ರಲ್ಲಷ್ಟೇ ಅಗ್ರ ದರ್ಜೆಗೆ ಮರಳಿತು. ಆ ನಾಲ್ಕು ಸೀಸನ್‌ಗಳಲ್ಲಿ ಲೀಗ್ ಸೆಲ್ಟಿಕ್‌ನದೇ ಆಯಿತು, ನಿಜ. ಆದರೆ ಲೀಗ್ ಅಲ್ಲದೆ ಪ್ರತಿ ಸೀಸನ್ ನಡೆಯುವ ಎರಡು ನಾಕೌಟ್ ಟೂರ್ನಿಗಳ ಎಂಟು ಕಪ್‌ಗಳ ಪೈಕಿ ಆರು ಬೇರೆಯವರ ಪಾಲಾದವು: ಸೇಂಟ್ ಮಿರ್ರನ್, ಅಬರ್ಡೀನ್, ಸೇಂಟ್ ಜಾನ್‌ಸ್ಟನ್, ಇನ್ವರ್ನೆಸ್, ರಾಸ್ ಕೌಂಟಿ, ಕೊನೆಗೆ 114 ವರ್ಷಗಳ ಬಳಿಕ ಸ್ಕಾಟಿಷ್ ಕಪ್ ಎತ್ತಿದ ಹಿಬ್ಸ್. ಸೇಂಟ್ ಜಾನ್‌ಸ್ಟನ್‌ಗೆ 1884ರಲ್ಲಿ ಹುಟ್ಟಿದಂದಿನಿಂದ ಅದೇ ಮೊದಲ ಸ್ಕಾಟಿಷ್ ಕಪ್. ಅವಕಾಶ ತೆರೆದರೆ ಆಟದಲ್ಲಿ ಸ್ಪರ್ಧೆ ತಾನಾಗಿ ಬರುತ್ತದೆ ಎಂದು ನಾವು ನಂಬಲು ಇಷ್ಟು ಸಾಕು.

ಶ್ರೀಮಂತರೊಬ್ಬರು ಹಣ ಸುರಿದರೆ ಸಾಲದೇ ಎಂದರೆ, ಗ್ರೆಟ್ನಾ ನೆನಪಾಗುತ್ತದೆ. ಗಡಿಯಂಚಿನ ಆ ಪುಟ್ಟ ಊರಿನ ಕ್ಲಬ್ ಒಬ್ಬ ಮಾಲೀಕರ ಹಣದಿಂದ ಸತತ ಮೂರು ವರ್ಷ ಬಡ್ತಿ ಪಡೆದು 2007ರಲ್ಲಿ ಅಗ್ರ ದರ್ಜೆಗೆ ಬಂತು. ಸ್ವಂತ ಮೈದಾನ ನಿಯಮಕ್ಕೆ ಸಾಲದೆ ದೂರದ ಮದರ್‌ವೆಲ್‌ನಲ್ಲಿ ಆಡಬೇಕಾಯಿತು. ಅಲ್ಲಿ ಒಂದು ಪಂದ್ಯಕ್ಕೆ ಬಂದವರು 431 ಜನ. ಮಾಲೀಕರು ಕಾಯಿಲೆ ಬಿದ್ದು ಹಣ ನಿಂತಿತು, 2008ರಲ್ಲಿ ಕ್ಲಬ್ಬೇ ಇಲ್ಲವಾಯಿತು.

ಉಳಿದಿರುವ ದಾರಿಯನ್ನು ಅಭಿಮಾನಿಗಳೇ ತೋರಿಸಿದ್ದಾರೆ, ಮತ್ತು ಸಹಕಾರ ಸಂಘವಾದ ನಮಗೆ ಅದು ತೀರ ಹತ್ತಿರದ್ದು. 2010ರಲ್ಲಿ ಸ್ಟರ್ಲಿಂಗ್ ಆಲ್ಬಿಯನ್ ಕ್ಲಬ್ಬನ್ನು ಅದರ ಬೆಂಬಲಿಗರ ಸಂಘ ಕೊಂಡುಕೊಂಡಿತು. 2013ರಲ್ಲಿ ದಿವಾಳಿಯ ಅಂಚಿಗೆ ಬಂದಿದ್ದ ಹಾರ್ಟ್ಸ್ ಕ್ಲಬ್ಬನ್ನು ಮರುವರ್ಷ ಆ್ಯನ್ ಬಡ್ಜ್ ಎಂಬ ಉದ್ಯಮಿ ವಹಿಸಿಕೊಂಡರು. ಸಾವಿರಾರು ಅಭಿಮಾನಿಗಳು ತಿಂಗಳು ತಿಂಗಳೂ ಕಟ್ಟಿದ ವಂತಿಗೆಯಿಂದ 2021ರಲ್ಲಿ ಬಹುಪಾಲು ಷೇರು ಆ ಅಭಿಮಾನಿಗಳದೇ ಪ್ರತಿಷ್ಠಾನಕ್ಕೆ ಬಂತು. ಮದರ್‌ವೆಲ್‌ನಲ್ಲಿ 2016ರಿಂದ ಬಹುಪಾಲು ಷೇರು ಅಭಿಮಾನಿಗಳ ಸಂಘದ್ದು; 2024ರಲ್ಲಿ ಹೊರಗಿನ ಹೂಡಿಕೆದಾರರೊಬ್ಬರು ಹಣ ತರುವೆನೆಂದಾಗ, ತಮ್ಮ ಬಹುಮತ ಹೋಗುವ ಆ ಪ್ರಸ್ತಾವವನ್ನು ಸದಸ್ಯರು ಮತ ಹಾಕಿ ತಿರಸ್ಕರಿಸಿದರು. ನಮ್ಮೂರ ಹಾಲು ಉತ್ಪಾದಕರ ಸಂಘದಲ್ಲಿ ಎರಡು ಹಸು ಇದ್ದವರಿಗೂ ಇಪ್ಪತ್ತು ಇದ್ದವರಿಗೂ ಒಂದೇ ಮತ ಇರುವಂತೆ, ಇಂಥ ಸಂಘಗಳಲ್ಲಿ ಸದಸ್ಯರಿಗೆ ತಲಾ ಒಂದೇ ಮತ. ಸೇಂಟ್ ಮಿರ್ರನ್, ಪಾರ್ಟಿಕ್ ಥಿಸಲ್ ಕೂಡ ಇದೇ ಹಾದಿ ಹಿಡಿದಿವೆ. ಆದ್ದರಿಂದ ನಮ್ಮ ಪ್ರವಾಸಗಳಲ್ಲಿ ಅಭಿಮಾನಿಗಳ ಒಡೆತನದ ಕ್ಲಬ್‌ಗಳಿಗೆ ಮೊದಲ ಆದ್ಯತೆ ಇರುತ್ತದೆ. ಪ್ರತಿ ವಯಸ್ಕರ ಶುಲ್ಕದಲ್ಲಿ ಒಂದು ಪೌಂಡ್ ಅಲ್ಲಿನ ಅಭಿಮಾನಿಗಳ ಸಂಘಕ್ಕೆ ಹೋಗುತ್ತದೆ.

ಇನ್ನು ತಮಗೆ ತಿಳಿದಿರಬೇಕಾದ ಕೆಲವು ವಿಷಯಗಳು. ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಈ ದೇಶದಲ್ಲಿ ಫುಟ್‌ಬಾಲ್ ನೇರಪ್ರಸಾರಕ್ಕೆ ನಿರ್ಬಂಧವಿದ್ದು, ಅದು ಮೈದಾನದ ಗೇಟನ್ನು ಕಾಪಾಡಲೆಂದೇ ಮಾಡಿದ ನಿಯಮ. ನಾವು ಮೂರು ಗಂಟೆಯ ಪಂದ್ಯಗಳನ್ನೇ ಆರಿಸಿಕೊಳ್ಳುವುದೂ ಅದೇ ಉದ್ದೇಶದಿಂದ. ಟಿವಿಗಾಗಿ ಪಂದ್ಯವನ್ನು ಶುಕ್ರವಾರ ರಾತ್ರಿಗೋ ಭಾನುವಾರಕ್ಕೋ ಸರಿಸಿದರೆ, ಬರಲಾಗದವರಿಗೆ ಕಟ್ಟಿದ ಹಣವನ್ನು ಪೂರ್ತಿ ಹಿಂದಿರುಗಿಸುತ್ತೇವೆ. ಮಕ್ಕಳ ಟಿಕೆಟ್‌ಗೆ ಕ್ಲಬ್‌ ಕೊಡುವ ರಿಯಾಯಿತಿಯನ್ನು ಹಾಗೆಯೇ ತಮಗೆ ದಾಟಿಸುತ್ತೇವೆ. ಮೈದಾನದಲ್ಲಿ ಸಿಗುವ ಪೈ ಹೆಚ್ಚಾಗಿ ಮಾಂಸದ್ದಾದ್ದರಿಂದ, ಸಸ್ಯಾಹಾರಿಗಳಿಗೆ ಬಸ್ಸಿನಲ್ಲೇ ಚಿತ್ರಾನ್ನ ಅಥವಾ ಚಪಾತಿ ಪಲ್ಯದ ಊಟ ಇರುತ್ತದೆ. ಊರಿನಿಂದ ಬಂದ ಹಿರಿಯರಿಗೆ ದಪ್ಪ ಕೋಟು, ಟೋಪಿ, ಕೈಗವಸು ಕಡ್ಡಾಯವೆಂದೇ ತಿಳಿಯಿರಿ. ಸಮುದ್ರದ ಪಕ್ಕದಲ್ಲೇ ಇರುವ ಆರ್ಬ್ರೋತ್‌ನ ಗೇಫೀಲ್ಡ್ ಮೈದಾನಕ್ಕೆ ಬರುವವರಿಗಂತೂ ಇದು ಇನ್ನಷ್ಟು ಮುಖ್ಯ.

ಸೆಲ್ಟಿಕ್ ಅಥವಾ ರೇಂಜರ್ಸ್ ಪಂದ್ಯವನ್ನೇ ನೋಡಬೇಕೆನ್ನುವವರು ಟಿಕೆಟನ್ನು ಆಯಾ ಕ್ಲಬ್‌ನಿಂದ ತಾವೇ ಪಡೆಯಬಹುದು. ದಾರಿ, ರೈಲು, ಆಸನದ ಬಗ್ಗೆ ಮಾಹಿತಿ ಕೇಳಿದರೆ ಮೊದಲಿನಂತೆಯೇ ಶುಲ್ಕವಿಲ್ಲದೆ ಹೇಳುತ್ತೇವೆ. ಬರುವ ಸೀಸನ್‌ನ ಆ ಪಂದ್ಯಗಳಿಗೆ ಈಗಾಗಲೇ ಮುಂಗಡ ಕೊಟ್ಟಿರುವವರು ಹಣ ವಾಪಸು ಬೇಕೋ, ಹೊಸ ಪ್ರವಾಸಕ್ಕೆ ವರ್ಗಾಯಿಸಬೇಕೋ ಎಂಬುದನ್ನು ಈ ತಿಂಗಳ ಕೊನೆಯೊಳಗೆ ಕಚೇರಿಗೆ ತಿಳಿಸಬೇಕೆಂದು ಕೋರುತ್ತೇವೆ. ಮೊದಲ ಪ್ರವಾಸ ಪೈಸ್ಲಿಗೆ, ಸೇಂಟ್ ಮಿರ್ರನ್ ಮೈದಾನಕ್ಕೆ. ವೇಳಾಪಟ್ಟಿ ಪ್ರಕಟವಾದ ಕೂಡಲೇ ದಿನಾಂಕವನ್ನು ತಿಳಿಸಲಾಗುವುದು.

ಇತಿ,
ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸಂಘದ ಸದಸ್ಯರೆಲ್ಲರ ಪರವಾಗಿ)